ಚೈನೀಸ್ ಫಲಕದ ಹಿಂದಿನ ಟಿಬೆಟನ್ ಒಲೆ

ಪ್ರವಾಸಿ ತಾಣಗಳಲ್ಲಿ ಒಳ್ಳೆಯ ಊಟ ಹುಡುಕುವುದು ಸುಲಭವೆಂದು ಹೇಳುವವರು ವಯಸ್ಸಾದ ಜೈನ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋದವರಾಗಿರಲಾರರು. ನಮ್ಮದು ಚಿಕ್ಕೋಡಿ ಸೀಮೆಯ ಸದಲಗಾ. ದೂಧಗಂಗೆಯ ದಡದ ಈ ಊರಿನಲ್ಲಿ ಬಾಳಿದ ಅವ್ವ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳನ್ನು ಮುಟ್ಟುವವಳಲ್ಲ. ಸೂರ್ಯ ಮುಳುಗಿದ ಮೇಲೆ ತುತ್ತೆತ್ತುವವಳಲ್ಲ. ಮಾಂಸ ಬೇಯಿಸುವ ಹೋಟೆಲಿನಲ್ಲಿ ನೀರನ್ನೂ ಕುಡಿಯುವವಳಲ್ಲ. ಕಳೆದ ಚಳಿಗಾಲದಲ್ಲಿ ಅವಳಿಗೆ ಕೊಡಗು ತೋರಿಸಲು ಹೊರಟಾಗ ಕಾರಿನ ಡಿಕ್ಕಿಯ ಅರ್ಧಭಾಗವನ್ನು ಖಡಕ್ ರೊಟ್ಟಿಯ ಗಂಟು ಮತ್ತು ಬೆಳ್ಳುಳ್ಳಿ ಹಾಕದ ಗುರೆಳ್ಳು ಚಟ್ನಿಯ ಡಬ್ಬಿ ಆಕ್ರಮಿಸಿಕೊಂಡಿದ್ದವು. ನಾಲ್ಕನೆಯ ದಿನ ಕುಶಾಲನಗರ ತಲುಪುವಷ್ಟರಲ್ಲಿ ಗಂಟು ಬರಿದಾಗಿತ್ತು.

ಹೆದ್ದಾರಿಯುದ್ದಕ್ಕೂ ಫಲಕಗಳಿಗೇನೂ ಕೊರತೆಯಿರಲಿಲ್ಲ. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಎಂಬ ತ್ರಿವಳಿ ಮಂತ್ರ ಕರ್ನಾಟಕದ ಯಾವ ಪ್ರವಾಸಿ ಊರಿನಲ್ಲಿ ಕಾಣುವುದಿಲ್ಲ? ಈ ‘ಚೈನೀಸ್’ ಎಂಬುದರ ಜಾತಕ ನಮಗೆಲ್ಲ ತಿಳಿದದ್ದೇ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನಲ್ಲಿ ಮಂಚೂರಿಯನ್ನನ್ನು ಮೊದಲಿಗೆ ತಯಾರಿಸಿದರೆಂಬುದು ಪ್ರಚಲಿತ ಕಥೆ. ಅದರ ಹೂಕೋಸಿನ ಅವತಾರವೇ ನಮ್ಮ ಸಂತೆಪೇಟೆಯ ಗೋಬಿ ಮಂಚೂರಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ್ದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಅಂಥ ಕೆಂಪು ತಟ್ಟೆಯನ್ನು ಅವ್ವನ ಮುಂದಿಡುವ ಮಾತೇ ಇರಲಿಲ್ಲ.

ಕಾವೇರಿ ದಾಟಿದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆ. ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರದಲ್ಲಿ ಬುದ್ಧನ ಬೃಹತ್ ಮೂರ್ತಿಯನ್ನು ಅವ್ವ ಬಹಳ ಹೊತ್ತು ನೋಡುತ್ತ ಕುಳಿತಳು. ಹೊರಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಅಲ್ಲಿಯೂ ಅದೇ ಫಲಕಗಳು: ‘ಟಿಬೆಟನ್, ಚೈನೀಸ್’. “ನೀವು ಉಣ್ರಿ, ನನಗ ಎರಡ ಬಾಳಿಹಣ್ಣು ಸಾಕು” ಎಂದಳು. ಬೆಳಗಿನಿಂದ ಅವಳು ಸೇವಿಸಿದ್ದು ಒಂದು ಲೋಟ ಹಾಲು ಮಾತ್ರ. ಅವಳನ್ನು ಇಷ್ಟು ದೂರ ಕರೆತಂದು ಉಪವಾಸ ಕೆಡವಿದೆನಲ್ಲ ಎಂಬ ಅಳುಕು ನನ್ನದು.

ಒಳದಾರಿಯೊಂದರಲ್ಲಿ ನಾಲ್ಕು ಮೇಜುಗಳ ಪುಟ್ಟ ಸಸ್ಯಾಹಾರಿ ಹೋಟೆಲು ಸಿಕ್ಕಿತು. ಒಲೆಯ ಬಳಿ ಪಟ್ಟೆಪಟ್ಟೆಯ ಮುಂಗಟ್ಟು ತೊಟ್ಟ ಟಿಬೆಟನ್ ಮಹಿಳೆ. ನಾನು ಹಿಂದಿಯಲ್ಲಿ ತಡವರಿಸುವಷ್ಟರಲ್ಲಿ ಆಕೆ ಮೈಸೂರು ಸೀಮೆಯ ಅಚ್ಚ ಕನ್ನಡದಲ್ಲಿ ಕೇಳಿದರು: “ಅಮ್ಮ ಏನೇನು ತಿನ್ನಲ್ಲ ಹೇಳಿ, ಅದನ್ನ ಬಿಟ್ಟು ಮಾಡ್ತೀನಿ.” ಪಟ್ಟಿ ಕೇಳಿ ಆಕೆ ನಗಲಿಲ್ಲ, ಬೇಸರಿಸಲೂ ಇಲ್ಲ. ಬೇರೆ ಪಾತ್ರೆ ತೊಳೆದು, ಅವ್ವನ ಕಣ್ಣೆದುರಿಗೇ ಹಿಟ್ಟು ನಾದಿ, ಎಳೆದು ತುಂಡು ತುಂಡಾಗಿ ಕುದಿಯುವ ನೀರಿಗೆ ಹಾಕಿದರು. ಜೊತೆಗೆ ಟೊಮೆಟೊ, ಬಟಾಣಿ, ಒಂದಿಷ್ಟು ಸೊಪ್ಪು. ಥೆಂಟುಕ್ ಎಂಬುದು ಅದರ ಹೆಸರು. ಮೊದಲ ಚಮಚ ಬಾಯಿಗಿಟ್ಟ ಅವ್ವ ತಲೆಯೆತ್ತಿ, “ಇದು ನಮ್ಮ ಚಕೋಲಿನ ಅಲ್ಲೇನೋ? ಬ್ಯಾಳಿ ಒಂದ ಇಲ್ಲ ನೋಡು” ಎಂದಳು. ಗಡಿಭಾಗದ ಮನೆಗಳಲ್ಲಿ ಬೇಳೆಯ ಸಾರಿಗೆ ಕಣಕದ ತುಂಡು ಹಾಕಿ ಕುದಿಸುವ ಚಕೋಲಿಯ ದೂರದ ಸಂಬಂಧಿಯೊಂದು ಹಿಮಾಲಯದ ಆಚೆಗೂ ಇತ್ತೆನ್ನಬೇಕು. ಹುರಿದ ಬಾರ್ಲಿ ಹಿಟ್ಟಿನ ತ್ಸಾಂಪಾವನ್ನು ಆಕೆ ಬಣ್ಣಿಸಿದಾಗ ಅವ್ವನಿಗೆ ನೆನಪಾದದ್ದು ನಾಗರಪಂಚಮಿಯ ತಂಬಿಟ್ಟು.

ಮಾತು ಬೆಳೆಯಿತು. ಆಕೆಯ ತಾಯಿ ಚಳಿಗಾಲದಲ್ಲಿ ಹುಬ್ಬಳ್ಳಿ, ಬೆಳಗಾವಿಗಳ ರಸ್ತೆಬದಿಯಲ್ಲಿ ಸ್ವೆಟರ್ ಮಾರುತ್ತಿದ್ದರಂತೆ. ನನ್ನ ಬಾಲ್ಯದ ನೀಲಿ ಸ್ವೆಟರ್ ಬೆಳಗಾವಿಯ ಅಂಥದೇ ಒಂದು ಅಂಗಡಿಯದು. ಮೂರು ದಶಕ ನಮಗೆ ಬೆಚ್ಚನೆಯ ಉಡುಪು ಕೊಟ್ಟವರ ಮನೆಯಲ್ಲಿ ಏನು ಬೇಯುತ್ತದೆಂದು ನಾವು ಒಮ್ಮೆಯೂ ಕೇಳಿರಲಿಲ್ಲ.

1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ನಿರಾಶ್ರಿತರು ಬಂದರು. ಅಂದಿನ ಮೈಸೂರು ರಾಜ್ಯ ಅವರಿಗೆ ನೆಲ ನೀಡಿತು. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡ, ಮುಂದೆ ಕೊಳ್ಳೇಗಾಲದ ಬಳಿಯ ಒಡೆಯರಪಾಳ್ಯ – ಹೀಗೆ ವಸಾಹತುಗಳು ತಲೆಯೆತ್ತಿದವು. ತಣ್ಣನೆಯ ಎತ್ತರದ ಬಯಲಿನಿಂದ ಬಂದವರು ಕಾಡು ಕಡಿದು, ಆನೆಗಳನ್ನು ಕಾಯುತ್ತ ಇಲ್ಲಿ ಬೆಳೆದದ್ದು ಮೆಕ್ಕೆಜೋಳ.

ಹಾಗಿದ್ದ ಮೇಲೆ ಫಲಕದಲ್ಲಿ ‘ಚೈನೀಸ್’ ಎಂದೇಕೆ ಬರೆಸಿದ್ದೀರಿ ಎಂದು ಕೇಳಿದೆ. ಚೀನಾದ ಆಳ್ವಿಕೆಯಿಂದಾಗಿ ದೇಶ ತೊರೆದವರು ಅದರ ಹೆಸರಿನಲ್ಲಿಯೇ ಅನ್ನ ಗಳಿಸಬೇಕಾದ ವಿಪರ್ಯಾಸ ನನ್ನನ್ನು ಚುಚ್ಚಿತ್ತು. ಆಕೆ ಶಾಂತವಾಗಿ, “ಬರೋರು ಗೋಬಿ, ನೂಡಲ್ಸ್ ಕೇಳ್ತಾರೆ ಸಾರ್. ಥೆಂಟುಕ್ ಯಾರು ಕೇಳ್ತಾರೆ?” ಎಂದರು. ಆ ಪ್ರಶ್ನೆ ಫಲಕ ಬರೆಸಿದವರಿಗಲ್ಲ, ಅದನ್ನು ಬರೆಸಿದ ನಮ್ಮ ಹಸಿವಿಗೆ ಎಸೆದ ಪ್ರಶ್ನೆ. ಹೊಸ ತಲೆಮಾರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾಗಳಿಗೆ ತೆರಳುತ್ತಿದೆ. ಆಕೆಯ ಮಗಳೂ ಹೊರದೇಶದಲ್ಲಿದ್ದಾಳೆ. “ನನ್ನ ಕೈಲಾಗೋವರೆಗೆ ನಡೆಸ್ತೀನಿ” ಎಂದರು. ಕೇಳುವವರಿಲ್ಲದ ಅಡುಗೆ ಮೊದಲು ಫಲಕದಿಂದ, ಅನಂತರ ಒಲೆಯಿಂದ, ಕೊನೆಗೆ ನೆನಪಿನಿಂದ ಮರೆಯಾಗುತ್ತದೆ.

ಸಣ್ಣ ಊರಿನಲ್ಲಿ ಒಳ್ಳೆಯ ಹೋಟೆಲು ಹುಡುಕುವ ಸೂತ್ರ ಅಂದು ನನಗೆ ಹೊಳೆಯಿತು: ಅಲ್ಲಿನವರು ತಮಗಾಗಿ ಏನು ಬೇಯಿಸಿಕೊಳ್ಳುತ್ತಾರೆಂದು ಕೇಳಬೇಕು, ನಾವು ಏನನ್ನು ಉಣ್ಣಲಾರೆವೆಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ಉಳಿದುದನ್ನು ಒಲೆಯ ಮುಂದಿರುವವರ ವಿವೇಕಕ್ಕೆ ಬಿಡುವುದು ಲೇಸು.

ಊರಿಗೆ ಮರಳಿದ ಮೇಲೆ ಈ ಸೂತ್ರವನ್ನು ನಮಗೇ ಅನ್ವಯಿಸಿ ನೋಡಿದೆ. ಸದಲಗಾ ಆಚಾರ್ಯ ವಿದ್ಯಾಸಾಗರ ಮುನಿಗಳು 1946ರಲ್ಲಿ ಜನಿಸಿದ ಊರು. 2024ರ ಫೆಬ್ರುವರಿಯಲ್ಲಿ ಛತ್ತೀಸಗಡದ ಡೋಂಗರಗಡದಲ್ಲಿ ಅವರು ಸಲ್ಲೇಖನದಿಂದ ದೇಹತ್ಯಾಗ ಮಾಡಿದರು. ಅವರ ಜನ್ಮಸ್ಥಳವನ್ನು ಕಾಣಲು ದೂರದೂರದಿಂದ ಬರುವವರಿಗೆ ನಾವು ಬಡಿಸುವುದೇನು? ನಮ್ಮ ರೊಟ್ಟಿ, ಝುಣಕ, ಚಕೋಲಿಗಳನ್ನೋ, ಅಥವಾ ಅದೇ ತ್ರಿವಳಿ ಮಂತ್ರದ ಫಲಕವನ್ನೋ?

ಅವ್ವ ಈಗಲೂ ಚಕೋಲಿ ಮಾಡಿದ ದಿನ ಆ ತಾಯಿಯನ್ನು ನೆನೆಯುತ್ತಾಳೆ. “ನನ್ನ ಸಲುವಾಗಿ ಪಾತ್ರಿ ತೊಳದ್ಲು ನೋಡು” ಎನ್ನುತ್ತಾಳೆ. ರುಚಿಯ ಮಾತನ್ನು ಆಮೇಲೆ ಆಡುತ್ತಾಳೆ.