ಹೆಸರು ಒಂದು, ದಾಖಲೆ ಹಲವು

ನಮ್ಮಲ್ಲಿ ಹೆಸರೆಂದರೆ ಬರಿಯ ಗುರುತಲ್ಲ. ಅದೊಂದು ಪುಟ್ಟ ವಂಶಾವಳಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಅನಂತರ ತಂದೆ, ಕಟ್ಟಕಡೆಗೆ ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ತಾನು, ಕೊನೆಗೆ ಮನೆತನ. ಎರಡೂ ನಮ್ಮ ನಾಡಿನ ಕ್ರಮಗಳೇ.

ಆದರೆ ತೆರಿಗೆ ಇಲಾಖೆಯ ಪ್ಯಾನ್ ಸಂಖ್ಯೆಗಾಗಿ ಬಹುಕಾಲ ಬಳಕೆಯಲ್ಲಿದ್ದ ಅರ್ಜಿ ಕೇಳುತ್ತಿದ್ದುದು ಕುಲನಾಮ, ಮೊದಲ ಹೆಸರು, ನಡುವಿನ ಹೆಸರು ಎಂಬ ಒಂದೇ ಕ್ರಮವನ್ನು. ಇನಿಷಿಯಲ್ಲನ್ನು ಬಿಡಿಸಿಯೇ ಬರೆಯಬೇಕಾಗಿತ್ತು. ಬೇಂದ್ರೆಯವರ ಬಗೆಯ ಹೆಸರು ಅಲ್ಲಿ ಸಲೀಸಾಗಿ ಕೂರುತ್ತದೆ. ಪುಟ್ಟಪ್ಪನವರ ಬಗೆಯದನ್ನು ಇದ್ದಂತೆಯೇ ತುಂಬಿದರೆ ಊರೇ ವ್ಯಕ್ತಿಯಾಗಿ, ವ್ಯಕ್ತಿಯೇ ಮನೆತನವಾಗುತ್ತಾನೆ! ಹತ್ತು ಅಕ್ಷರಾಂಕಗಳ ಪ್ಯಾನ್‌ನಲ್ಲಿ ಐದನೆಯದು ಈ ಕುಲನಾಮದ್ದೇ ಮೊದಲಕ್ಷರ. ಆಧಾರ್‌ನಲ್ಲಾದರೋ ಹೆಸರು ಒಂದೇ ಸಾಲು; ಇನಿಷಿಯಲ್ಲಿಗೆ ಅಡ್ಡಿಯಿಲ್ಲ. ಇದರ ಮೇಲೆ ಇಂಗ್ಲಿಷ್ ಕಾಗುಣಿತದ ಗೊಂದಲ ಬೇರೆ: ‘ಗೌಡ’ ಎಂಬುದನ್ನು ಒಬ್ಬ ಗುಮಾಸ್ತ ‘ಡಬ್ಲ್ಯು’ ಹಾಕಿ ಬರೆದರೆ, ಇನ್ನೊಬ್ಬ ‘ಯು’ ಹಾಕಿ ಬರೆಯುತ್ತಾನೆ. ಜನ್ಮದಿನವೋ, ಹಳೆಯ ತಲೆಮಾರಿನ ಹಲವರಿಗೆ, ಶಾಲೆಗೆ ಸೇರಿದಂದು ಮೇಷ್ಟರು ಅಂದಾಜಿನಲ್ಲಿ ಬರೆದದ್ದು.

ಈ ಎರಡು ದಾಖಲೆಗಳನ್ನು ಜೋಡಿಸಬೇಕೆಂಬ ವಿಧಿ 2017ರಲ್ಲಿ ಬಂದಿತು. ಮರುವರ್ಷ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಿಂದ ಪ್ರಸಿದ್ಧವಾದ ಆಧಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಜೋಡಣೆಯಾಗದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಯಿತು. ಅಂಥವರಿಗೆ ಮರಳಬೇಕಾದ ತೆರಿಗೆಯ ಹಣ ತಡೆಯುತ್ತದೆ. ಠೇವಣಿಯ ಬಡ್ಡಿಯಿಂದ ತೆರಿಗೆ ಹೆಚ್ಚಿನ ದರದಲ್ಲಿ ಕಡಿತವಾಗುತ್ತದೆ. ಬಡ್ಡಿಯನ್ನೇ ನಂಬಿದ ವೃದ್ಧರಿಗೆ ಇದು ಅಕ್ಷರದೋಷವಲ್ಲ, ಅನ್ನದ ಪ್ರಶ್ನೆ.

ಪರಿಹಾರ ಕಠಿಣವಲ್ಲ, ಕ್ರಮ ಮುಖ್ಯ. ಹುಟ್ಟಿದ ದಿನಕ್ಕೂ ಹೆಸರಿಗೂ ಬಲವಾದ ಆಧಾರವಿರುವ ಒಂದು ದಾಖಲೆಯನ್ನು—ಶಾಲಾ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟನ್ನು—ಮೂಲವೆಂದಿಟ್ಟುಕೊಂಡು, ಉಳಿದವನ್ನು ಅದಕ್ಕೆ ಸರಿಯಾಗಿ ತಿದ್ದಿಸಬೇಕು. ಪ್ಯಾನ್‌ನಲ್ಲಿ ಹೆಸರು ತಿದ್ದಿದರೂ ಸಂಖ್ಯೆ ಬದಲಾಗದು; ಆದುದರಿಂದ ಹೊಸ ಪ್ಯಾನ್‌ಗೆ ಅರ್ಜಿ ಹಾಕಲೇಬಾರದು. ಒಬ್ಬರ ಬಳಿ ಎರಡಿರುವುದು ಅಪರಾಧ. ಬ್ಯಾಂಕಿನ ಖಾತೆಯನ್ನೂ ಅದೇ ಹೆಸರಿಗೆ ತರಬೇಕು.

ನೆರೆಯ ಹಿರಿಯರ ಕಾಗದಪತ್ರಗಳನ್ನು ನೋಡಿಕೊಡುವಾಗ, ತಪ್ಪೆಲ್ಲ ತಮ್ಮದೇ ಎಂಬಂತೆ ಅವರು ಸಂಕೋಚಪಡುವುದನ್ನು ನಾನು ಕಂಡಿದ್ದೇನೆ. ತಪ್ಪು ಅವರದಲ್ಲ. ತಂದೆಯನ್ನೂ ಊರನ್ನೂ ಹೊತ್ತು ನಡೆಯುವ ಹೆಸರಿಗೆ ಅರ್ಜಿಯ ಮೂರು ಮನೆಗಳು ಸಾಲಲಿಲ್ಲ, ಅಷ್ಟೆ.