ಕವಿನಾಮವಿಲ್ಲದ ಕವಿತೆಗಳು: ಕಾವ್ಯಬೋಧನೆಯಲ್ಲಿ ಒಂದು ಪರೀಕ್ಷಾಕ್ರಮ

ಕಾವ್ಯವನ್ನು ಬೋಧಿಸುವುದೆಂದರೆ ಏನು ಎಂಬ ವಿಷಯದಲ್ಲಿ ಉಪಾಧ್ಯಾಯರಿಗೆ ಏಕಾಭಿಪ್ರಾಯವಿಲ್ಲ. ಪದವಿಭಾಗ, ಅನ್ವಯ, ಪ್ರತಿಪದಾರ್ಥಗಳಿಂದ ಪದ್ಯದ ಶರೀರವನ್ನು ತಿಳಿಸಬಹುದು. ಕವಿಯ ಕಾಲ, ದೇಶ, ಆಶ್ರಯಗಳನ್ನು ಹೇಳಿ ಅದರ ಪರಿಸರವನ್ನು ತೋರಿಸಬಹುದು. ಆದರೆ ವಿದ್ಯಾರ್ಥಿಯು ಪದ್ಯದ ಗುಣದೋಷಗಳನ್ನು ತಾನೇ ಕಂಡನೇ, ಅಥವಾ ಉಪಾಧ್ಯಾಯರ ಮಾತನ್ನೇ ಉತ್ತರಪತ್ರಿಕೆಯಲ್ಲಿ ಅವರಿಗೆ ಹಿಂದಿರುಗಿಸಿದನೇ ಎಂಬುದನ್ನು ಅರಿಯುವ ಸಾಧನವು ಈ ಕ್ರಮಗಳಲ್ಲಿಲ್ಲ. ಈ ಕೊರತೆಯನ್ನು ನೇರವಾಗಿ ಎದುರಿಸಿದ ಪ್ರಯೋಗವೊಂದು 1920ರ ದಶಕದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಅದರ ಫಲವನ್ನು ಐ. ಎ. ರಿಚರ್ಡ್ಸ್ ಮಹಾಶಯರು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಕನ್ನಡದಲ್ಲಿ ‘ಪ್ರಾಯೋಗಿಕ ವಿಮರ್ಶೆ’ ಎಂದು ಪ್ರಸಿದ್ಧವಾಗಿರುವ ಕ್ರಮದ ಮೂಲವು ಇದೇ.

ಪ್ರಯೋಗದ ವಿಧಾನವು ಬಹು ಸರಳವಾದುದು. ರಿಚರ್ಡ್ಸರು ತಮ್ಮ ಉಪನ್ಯಾಸಗಳಿಗೆ ಬರುತ್ತಿದ್ದವರಿಗೆ ಮುದ್ರಿತ ಪದ್ಯಗಳನ್ನು ಹಂಚುತ್ತಿದ್ದರು. ಅವುಗಳ ಮೇಲೆ ಕವಿಯ ಹೆಸರಾಗಲಿ, ಕಾಲವನ್ನು ಸೂಚಿಸುವ ಮಾತಾಗಲಿ ಇರುತ್ತಿರಲಿಲ್ಲ. ಓದುಗರು ಒಂದು ವಾರ ಅವುಗಳನ್ನು ತಮ್ಮಲ್ಲಿಟ್ಟುಕೊಂಡು, ಮತ್ತೆ ಮತ್ತೆ ಓದಿ, ತಮಗೆ ತೋರಿದುದನ್ನು ನಿಸ್ಸಂಕೋಚವಾಗಿ ಬರೆದು ಒಪ್ಪಿಸಬೇಕಾಗಿದ್ದಿತು. ಎಷ್ಟು ಬಾರಿ ಓದಿದರೆಂಬುದನ್ನೂ ಗುರುತುಮಾಡಬೇಕಾಗಿದ್ದಿತು. ಕೆಲವರು ಹತ್ತು ಹನ್ನೆರಡು ಬಾರಿ ಓದಿದುದೂ ಉಂಟು. ಬರೆದವರ ಹೆಸರು ಗುಪ್ತವಾಗಿಯೇ ಇರುತ್ತಿದ್ದಿತು. ಮುಂದಿನ ಉಪನ್ಯಾಸದಲ್ಲಿ ಪದ್ಯದೊಡನೆ ಈ ಬರಹಗಳೂ ವಿಚಾರಕ್ಕೆ ವಿಷಯವಾಗುತ್ತಿದ್ದುವು. ಹೀಗೆ ಪಾಠವೆಂಬುದು ಗುರುವಿನ ವ್ಯಾಖ್ಯಾನವಾಗಿ ಉಳಿಯದೆ, ಓದುಗರ ಓದನ್ನೇ ಪರೀಕ್ಷಿಸುವ ಕಾರ್ಯವಾಯಿತು.

ಗ್ರಂಥದಲ್ಲಿ ಇಂತಹ ಹದಿಮೂರು ಪದ್ಯಗಳೂ ಅವುಗಳ ಮೇಲಣ ಬರಹಗಳ ಭಾಗಗಳೂ ಸೇರಿವೆ. ಬರೆದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಸಾಹಿತ್ಯವನ್ನೇ ವಿಶೇಷವಾಗಿ ಅಭ್ಯಾಸಮಾಡುತ್ತಿದ್ದವರು. ಆದರೂ ಫಲಿತಾಂಶವು ಆಶ್ಚರ್ಯಕರವಾಗಿದ್ದಿತು. ಡನ್, ಹಾಪ್ಕಿನ್ಸ್ ಮೊದಲಾದವರ ಪದ್ಯಗಳನ್ನು ಅನೇಕರು ತಿರಸ್ಕರಿಸಿದರು. ಸಾಮಾನ್ಯ ರಚನೆಗಳಿಗೆ ಹೇರಳವಾಗಿ ಪ್ರಶಂಸೆ ದೊರೆಯಿತು. ಒಂದೇ ಪದ್ಯದ ಒಂದೇ ಅಂಶವನ್ನು ಒಬ್ಬನು ಗುಣವೆಂದೂ ಇನ್ನೊಬ್ಬನು ದೋಷವೆಂದೂ ಹೇಳಿದನು. ಕವಿಯ ಕೀರ್ತಿಯ ಆಸರೆ ತಪ್ಪಿದ ಕೂಡಲೇ ವಿವೇಚನೆಯು ಕಾಲುಜಾರಿತು. ಇದು ಆ ವಿದ್ಯಾರ್ಥಿಗಳ ಮಂದಬುದ್ಧಿಯ ದ್ಯೋತಕವಲ್ಲ, ಅವರು ಪಡೆದ ಶಿಕ್ಷಣದ ದ್ಯೋತಕ ಎಂಬುದೇ ಇಲ್ಲಿ ಮುಖ್ಯವಾದ ಮಾತು.

ರಿಚರ್ಡ್ಸರು ಈ ಸ್ಖಾಲಿತ್ಯಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದ್ದಾರೆ. ವಾಚ್ಯಾರ್ಥವೇ ತಿಳಿಯದಿರುವುದು ಮೊದಲನೆಯದು. ಇದು ಊಹಿಸಿದುದಕ್ಕಿಂತ ಎಷ್ಟೋ ವ್ಯಾಪಕವಾಗಿ ಕಂಡುಬಂದಿತು. ಶಬ್ದದ ನಡೆ ಕಿವಿಗೆ ಬೀಳದಿರುವುದು, ಪ್ರತಿಮೆಗಳನ್ನು ಮನಸ್ಸಿಗೆ ಬಂದಂತೆ ಕಲ್ಪಿಸಿಕೊಳ್ಳುವುದು, ಸ್ವಂತ ಜೀವನದ ನೆನಪುಗಳು ಪದ್ಯವನ್ನು ಮುಸುಕುವುದು, ಮೊದಲೇ ಸಿದ್ಧವಾಗಿರುವ ಭಾವಗಳನ್ನು ಪದ್ಯದ ಮೇಲೆ ಹೊರಿಸುವುದು ಅನಂತರದವು. ಭಾವಾತಿರೇಕ, ಭಾವಸಂಕೋಚ, ಮತನಂಬಿಕೆಗಳ ಅಡ್ಡಿ, ಛಂದಸ್ಸು ಮೊದಲಾದ ರಚನಾಂಗಗಳ ವಿಷಯದಲ್ಲಿ ಪೂರ್ವಾಗ್ರಹ, ಕಾವ್ಯವು ಹೀಗೆಯೇ ಇರಬೇಕೆಂಬ ಸಿದ್ಧಾಂತದ ಹಟ ಇವು ಉಳಿದವು.

ಭಾರತೀಯ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಈ ಪಟ್ಟಿಯು ಒಡನೆಯೇ ಅಭಿನವಗುಪ್ತನನ್ನು ನೆನಪಿಗೆ ತರುತ್ತದೆ. ‘ಅಭಿನವಭಾರತಿ’ಯಲ್ಲಿ ಅವನು ಏಳು ರಸವಿಘ್ನಗಳನ್ನು ಹೇಳುತ್ತಾನೆ. ಸ್ವಂತ ಸುಖದುಃಖಗಳಿಗೆ ವಶನಾದವನು ರಸಾನುಭವಕ್ಕೆ ಅರ್ಹನಾಗನೆಂಬುದು ಅವುಗಳಲ್ಲಿ ಒಂದು. ನೆನಪುಗಳು ಪದ್ಯವನ್ನು ಮುಸುಕುತ್ತವೆಂಬ ರಿಚರ್ಡ್ಸರ ಮಾತು ಇದಕ್ಕೆ ಬಹಳ ಸಮೀಪದ್ದು. ಆದರೆ ಭೇದವೂ ಗಮನಾರ್ಹ. ಅಭಿನವಗುಪ್ತನು ನಾಟ್ಯವನ್ನು ಕುರಿತು ಹೇಳುವುದರಿಂದ, ವಿಘ್ನವನ್ನು ಕಳೆಯುವ ಉಪಾಯಗಳು ಗೀತವಾದ್ಯಾದಿಗಳ ರೂಪದಲ್ಲಿ ರಂಗದಲ್ಲಿಯೇ ಇವೆ. ಒಬ್ಬನೇ ಕುಳಿತು ಓದುವವನಿಗೆ ಆ ನೆರವಿಲ್ಲ. ಅವನಿಗೆ ಅಭ್ಯಾಸವೊಂದೇ ಗತಿ. ಕಾವ್ಯಾನುಶೀಲನದ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನೇ ‘ಲೋಚನ’ದಲ್ಲಿ ನಿರೂಪಿಸಿದ್ದಾನೆ. ಸಹೃದಯತೆಯು ಕೇವಲ ಹುಟ್ಟುಗುಣವಲ್ಲ, ಬೆಳಸತಕ್ಕದ್ದು ಎಂಬಲ್ಲಿ ಇಬ್ಬರ ಆಶಯವೂ ಕೂಡುತ್ತದೆ.

ಕನ್ನಡ ತರಗತಿಯಲ್ಲಿ ಈ ಕ್ರಮವನ್ನು ಅನುಸರಿಸುವಾಗ ಕೆಲವು ತೊಡಕುಗಳು ತಲೆದೋರುತ್ತವೆ. ವಚನದಲ್ಲಿ ಅಂಕಿತವೇ ಕರ್ತೃವನ್ನು ಹೇಳಿಬಿಡುತ್ತದೆ. ‘ಕೂಡಲಸಂಗಮದೇವ’ ಎಂಬುದನ್ನು ಕಂಡವನು ಬಸವಣ್ಣನವರನ್ನು ಅರಿಯದೆ ಇರನು. ಅಂಕಿತವನ್ನು ತೆಗೆದರೆ ಹೆಸರು ಮರೆಯಾಗುತ್ತದೆ, ನಿಜ. ಆದರೆ ವಚನದ ಮಾತೆಲ್ಲ ಯಾರನ್ನು ಕುರಿತು ನಡೆದಿದೆಯೋ ಆ ಸಂಬೋಧನೆಯೇ ಹೋಗುತ್ತದೆ. ಹಳಗನ್ನಡದ ಪದ್ಯಗಳಲ್ಲಿ ಇನ್ನೊಂದು ಕಷ್ಟ. ಶಬ್ದಾರ್ಥವನ್ನು ಕೊಡದಿದ್ದರೆ ಪರೀಕ್ಷೆಯು ರಸಜ್ಞತೆಯನ್ನು ಅಳೆಯದೆ ಶಬ್ದಜ್ಞಾನವನ್ನು ಮಾತ್ರ ಅಳೆಯುತ್ತದೆ. ಮೇಲಾಗಿ ಚಂಪೂಕಾವ್ಯದ ಪದ್ಯವು ಕಥೆಯ ಅಂಗ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ತನ್ನವರಿಗಾಗಿ ಶೋಕಿಸುವ ಮಾತುಗಳನ್ನು ಆ ಸಂದರ್ಭದಿಂದ ಬೇರ್ಪಡಿಸಿದರೆ ಶೋಕವು ಉಳಿದರೂ ಅದರ ಭಾರ ಉಳಿಯದು. ಬಿಡಿ ಪದ್ಯಗಳಿಗೆ ಹೊಂದುವ ಕ್ರಮವು ಪ್ರಬಂಧಕಾವ್ಯಕ್ಕೆ ಹಾಗೆಯೇ ಹೊಂದುವುದಿಲ್ಲ.

ಈ ಆಕ್ಷೇಪವು ಕನ್ನಡಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಡನ್ ಕವಿಯ ಪದ್ಯದಲ್ಲಿ ಬರುವ ಅಂತ್ಯದಿನದ ಪುನರುತ್ಥಾನದ ಕಲ್ಪನೆಯನ್ನು ಅರಿಯದೆ ಆ ಪದ್ಯವನ್ನು ಅಳೆಯುವುದು ಹೇಗೆ? ಇತಿಹಾಸವನ್ನು ಮರೆಮಾಡಿದವನು ಅರ್ಥದ ಒಂದು ಭಾಗವನ್ನೂ ಮರೆಮಾಡಿದಂತಾಯಿತೆಂದು ಮುಂದಿನ ವಿಮರ್ಶಕರು ಹೇಳಿರುವುದು ಯುಕ್ತವಾಗಿಯೇ ಇದೆ.

ಆದುದರಿಂದ ಹೆಸರನ್ನು ಮುಚ್ಚುವುದು ಪಾಠದ ಆರಂಭವಾಗಬಹುದೇ ಹೊರತು ಅದರ ಅಂತ್ಯವಾಗಲಾರದು. ಮೊದಲು ಕಠಿನಶಬ್ದಗಳ ಅರ್ಥವನ್ನು ಮಾತ್ರ ಕೊಟ್ಟು, ವ್ಯಾಖ್ಯಾನವನ್ನು ತಡೆಹಿಡಿದು, ವಿದ್ಯಾರ್ಥಿಯಿಂದ ಬರೆಯಿಸಬೇಕು. ಬಳಿಕ ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ತರಗತಿಯಲ್ಲಿ ಎದುರುಬದುರಾಗಿ ಇಟ್ಟು, ಪದ್ಯದ ಯಾವ ಮಾತು ಯಾವುದಕ್ಕೆ ಆಧಾರವೆಂಬುದನ್ನು ವಿಚಾರಿಸಬೇಕು. ಆಮೇಲೆ ಕವಿ, ಕಾಲ, ಸಂದರ್ಭಗಳನ್ನು ತಿಳಿಸಿ ಮತ್ತೊಮ್ಮೆ ಬರೆಯಿಸಬೇಕು. ಎರಡು ಬರಹಗಳ ಅಂತರವೇ ಚರಿತ್ರಜ್ಞಾನವು ಓದಿಗೆ ಏನನ್ನು ಕೊಟ್ಟಿತೆಂಬುದನ್ನು ತೋರಿಸುತ್ತದೆ. ಇದಕ್ಕೆ ಕಾಲ ಬೇಕು, ಪಠ್ಯಭಾಗ ಕಡಮೆಯಾಗಬೇಕು, ತಪ್ಪಾಗಿ ಬರೆದವನನ್ನು ನಗದಿರುವ ತಾಳ್ಮೆಯೂ ಬೇಕು. ಇದಕ್ಕೆ ಪ್ರತಿಯಾಗಿ ದೊರೆಯುವುದು ಅಲ್ಪವಲ್ಲ: ಉಪಾಧ್ಯಾಯನಿಗೆ ತನ್ನ ವಿದ್ಯಾರ್ಥಿಗಳು ನಿಜವಾಗಿ ಏನನ್ನು ಓದುತ್ತಿದ್ದಾರೆಂಬ ಅರಿವು, ವಿದ್ಯಾರ್ಥಿಗೆ ತನ್ನ ಕಣ್ಣಿನಲ್ಲಿ ತನಗೇ ನಂಬಿಕೆ.