ದೊಡ್ಡ ಪಿಟೀಲಿನ ಎದುರು

ದಸರೆಯ ಒಂದು ಸಂಜೆ. ಮೈಸೂರು ಅರಮನೆ ಅಂಗಳದಲ್ಲಿ ಪೊಲೀಸ್ ಬ್ಯಾಂಡಿನವರು ಕುರ್ಚಿ ಜೋಡಿಸಿಕೊಳ್ಳುತ್ತಿದ್ದರು. ನನ್ನ ಪಕ್ಕದಲ್ಲಿ ಕೆ.ಆರ್. ಪೇಟೆ ಕಡೆಯ ಹಿರಿಯರೊಬ್ಬರು. ಹೆಗಲ ಮೇಲೆ ಟವೆಲ್ಲು, ತೊಡೆ ಮೇಲೆ ಮೊಮ್ಮಗಳು. ವೇದಿಕೆಯಲ್ಲಿ ಎದೆಯೆತ್ತರದ ವಾದ್ಯವನ್ನು ಮಂಡಿಗಳ ನಡುವೆ ಒರಗಿಸಿಕೊಂಡು ಕೂತವನನ್ನು ನೋಡಿ, ‘ಅದೇನ್ ಸ್ವಾಮಿ, ಪಿಟೀಲು ಇಷ್ಟ್ ದಪ್ಪ ಅದೆ? ಹೊತ್ಕಂಡು ನಡೆಯೋದೆಂಗೆ?’ ಎಂದರು. ಅದು ಚೆಲ್ಲೊ ಅಂದೆ. ‘ಏನ್ ಚೆಲ್ಲೋದು ತಾತ?’ ಎಂದು ಮೊಮ್ಮಗಳು ಕಿಸಕ್ಕನೆ ನಕ್ಕಳು.

ಹೊತ್ತುಕೊಂಡು ನಡೆಯುವುದು ಹೇಗೆ ಎಂಬ ಅವರ ಪ್ರಶ್ನೆಯಲ್ಲೇ ಈ ಲೇಖನದ ಅರ್ಧ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಯ ನಾವು ಬ್ಯಾಂಡ್ ಎಂದರೆ ನಡೆಯುವ ಬ್ಯಾಂಡನ್ನೇ ಬಲ್ಲವರು. ಮದುವೆಗೆ ಓಲಗ, ದಿಬ್ಬಣಕ್ಕೆ ಬ್ಯಾಂಡ್‌ಸೆಟ್ಟು, ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಜಂಬೂಸವಾರಿಯ ಮುಂದೆ ತುತ್ತೂರಿ, ಡ್ರಮ್ಮು. ರಸ್ತೆಯ ಮೇಲೆ ಕೇಳುವುದು ಊದುವ, ಬಡಿಯುವ ವಾದ್ಯಗಳಷ್ಟೇ. ಕಮಾನು ಹಿಡಿದು ಉಜ್ಜುವ ವಾದ್ಯಗಳು ಮೆರವಣಿಗೆಗೆ ಬರುವುದಿಲ್ಲ. ಅವು ಕೂತಾಗ ಮಾತ್ರ ನುಡಿಯುತ್ತವೆ, ಅವನ್ನು ಕೇಳಲು ನಾವೂ ಕೂರಬೇಕು. ಆನೆ ದಾಟಿದ ಕೂಡಲೇ ಬಸ್ಸಿಗೆ ಓಡುವವರಿಗೆ ಪೊಲೀಸ್ ಬ್ಯಾಂಡಿನ ಅರ್ಧ ಭಾಗದ ಪರಿಚಯವೇ ಆಗುವುದಿಲ್ಲ.

ಇದು ಮೂಲತಃ ಅರಮನೆಯ ವಾದ್ಯವೃಂದ. ರಾಜರ ಆಳ್ವಿಕೆ ಮುಗಿದ ಮೇಲೆ ಪೊಲೀಸ್ ಇಲಾಖೆಗೆ ಬಂತು. ಹಾಗಾಗಿ ಇಲ್ಲಿ ಪಿಟೀಲು ಹಿಡಿದವರೂ ಸಮವಸ್ತ್ರದವರೇ. ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂದು ಎರಡು ಕವಲು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸುತ್ತಿದ್ದವರು ಜರ್ಮನಿಯ ಒಟ್ಟೊ ಶ್ಮಿಟ್. ಕರ್ನಾಟಕ ವಾದ್ಯವೃಂದದ ಹೊಣೆ ವೀಣೆ ವೆಂಕಟಗಿರಿಯಪ್ಪನವರದು. ಹಾಡಲು ಹೊಂದಿಸಿದ ಕೃತಿಗಳು ಎಷ್ಟೋ ಇದ್ದವು. ವಾದ್ಯಗಳಿಗೆಂದೇ ಮಾಡಿದ್ದು ಕಡಿಮೆ. ಅದಕ್ಕೇ ವೆಂಕಟಗಿರಿಯಪ್ಪನವರು ದೊರೆಯ ಇಚ್ಛೆಯಂತೆ ‘ನಗ್ಮಾ’ ಎಂಬ ಸಾಹಿತ್ಯವಿಲ್ಲದ ರಚನೆಗಳನ್ನು ಮಾಡಿದರು. ವೀಣೆಯ ವಿದ್ವಾಂಸ ಬ್ಯಾಂಡಿಗೆ ಬರೆಯುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

ಇನ್ನು ಕೋಲು ಹಿಡಿದು ಮುಂದೆ ನಿಲ್ಲುವವರ ವಿಚಾರ. ಇಂಗ್ಲಿಷಿನಲ್ಲಿ ಕಂಡಕ್ಟರ್. ನಮ್ಮಲ್ಲಿ ಆ ಹೆಸರು ಬಸ್ಸಿನವರಿಗೆ ಮೀಸಲಾಗಿಬಿಟ್ಟಿದೆ, ಆದರೆ ಕೆಲಸದಲ್ಲಿ ಹೋಲಿಕೆ ಇಲ್ಲದೆ ಇಲ್ಲ: ಇಬ್ಬರೂ ಗಾಡಿ ಓಡಿಸುವುದಿಲ್ಲ, ಇಬ್ಬರೂ ‘ರೈಟ್’ ಅನ್ನದೆ ಗಾಡಿ ಹೊರಡುವುದಿಲ್ಲ. ನಮ್ಮ ಸಂಗೀತ ಕಚೇರಿಯಲ್ಲಿ ಹಾಡುವವರೇ ತೊಡೆ ತಟ್ಟಿ ತಾಳ ಹಾಕಿಕೊಳ್ಳುತ್ತಾರೆ. ಐವತ್ತು ಜನರ ಎರಡೂ ಕೈಗೆ ಕೆಲಸವಿದ್ದಾಗ ಎಲ್ಲರ ಪರವಾಗಿ ಒಬ್ಬರು ಗಾಳಿಯಲ್ಲಿ ತಾಳ ಹಾಕಬೇಕಾಗುತ್ತದೆ. ಜೊತೆಗೆ ಪಾಶ್ಚಾತ್ಯ ಪದ್ಧತಿಯಲ್ಲಿ ಒಬ್ಬೊಬ್ಬರೂ ನುಡಿಸುವ ಸ್ವರ ಬೇರೆ ಬೇರೆ. ಯಾರು ಯಾವಾಗ ಸೇರಬೇಕು, ಯಾರು ದನಿ ತಗ್ಗಿಸಬೇಕು ಎಂಬುದೂ ಅವರ ಎಡಗೈಯಲ್ಲಿರುತ್ತದೆ. ಹೊರಗಿನಿಂದ ಅತಿಥಿ ನಿರ್ದೇಶಕರು ಬಂದರೆ ಅದೇ ಹಾಳೆ, ಅದೇ ವಾದಕರು, ಆದರೆ ನಡೆಯೇ ಬದಲಾಗುತ್ತದೆ.

ಚೆಲ್ಲೊ ಒಂಟಿಯಾಗಿ ಮುಂದೆ ಬಂದಾಗಿನ ಸುಖ ಬೇರೆಯೇ. ಅದಕ್ಕೆ ನಾಲ್ಕು ತಂತಿ. ಒಂದರಿಂದ ಇನ್ನೊಂದಕ್ಕೆ ಷಡ್ಜ-ಪಂಚಮದ ದೂರ. ವೀಣೆಗಿರುವಂತೆ ಮೆಟ್ಟಿಲುಗಳಿಲ್ಲ. ಆದ್ದರಿಂದ ಬೆರಳು ಜಾರಬಲ್ಲದು, ಗಮಕ ಒಲಿಯಬಲ್ಲದು. ಪಿಟೀಲು ಹೆಣ್ಣುದನಿಯಾದರೆ ಇದು ಊಟ ಮುಗಿಸಿ ಜಗಲಿಯಲ್ಲಿ ಕೂತ ಗಂಡಸಿನ ದನಿ. ಡಚ್ ಮೂಲದ ಸಾಸ್ಕಿಯಾ ರಾವ್ ಇದನ್ನು ನೆಲದ ಮೇಲೆ ಕೂತು ನುಡಿಸುವಂತೆ ಮಾರ್ಪಡಿಸಿ ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದ್ದಾರೆ.

ಈ ಬ್ಯಾಂಡಿನಿಂದ ಆದ ದೊಡ್ಡ ಉಪಕಾರವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಂಟ್ವಾಳ ಕಡೆಯ ನಾಗಸ್ವರದ ಮನೆತನದ ಹುಡುಗನೊಬ್ಬ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಅವರೇ ಕದ್ರಿ ಗೋಪಾಲನಾಥ್. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಕಚೇರಿಯಲ್ಲಿ ನುಡಿಸಿದರು. ಅದೇ ಸಭಾಂಗಣಕ್ಕೆ ಮೈಸೂರಿನ ಹಳೆಯ ನಂಟಿದೆ. 1950ರ ಮೇ 22ರಂದು ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅವರ ಕಡೆಯ ನಾಲ್ಕು ಗೀತೆಗಳು ಮೊದಲ ಸಲ ಕೇಳಿಬಂದದ್ದು ಅಲ್ಲಿಯೇ. ನಿರ್ದೇಶನ ಫುರ್ಟ್‌ವೆಂಗ್ಲರ್ ಅವರದು, ಗಾಯನ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರದು, ಖರ್ಚಿಗೆ ನಿಂತವರು ಜಯಚಾಮರಾಜ ಒಡೆಯರು. ಸ್ವತಃ ಪಿಯಾನೊ ಕಲಿತಿದ್ದ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಿದ್ದೂ ಅವರ ಹಣದಿಂದಲೇ. ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೆಟ್ನರ್ ಮೈಸೂರಿನ ದೊರೆಗೇ ಅರ್ಪಿಸಿದರು. ಇಷ್ಟಾದರೂ ಅದೇ ಒಡೆಯರು 94 ಕರ್ನಾಟಕ ಕೃತಿಗಳನ್ನು ರಚಿಸಿದರು!

ಇನ್ನೂ ಹಿಂದಕ್ಕೆ ಹೋದರೆ ಕಥೆ ಶ್ರೀರಂಗಪಟ್ಟಣಕ್ಕೇ ಬಂದು ನಿಲ್ಲುತ್ತದೆ. 1610ರಲ್ಲಿ ರಾಜ ಒಡೆಯರು ದಸರೆ ಶುರು ಮಾಡಿದ್ದು ಅಲ್ಲಿ. 1799ರಲ್ಲಿ ಕೋಟೆ ಬಿದ್ದಾಗ ಟಿಪ್ಪುವಿನ ಅರಮನೆಯ ವಾದ್ಯಗಳ ಕೋಣೆಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿದ್ದು ಬಿಳಿಯನ ಮೇಲೆ ಎರಗಿದ ಮರದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ನರಳುತ್ತಾನೆ. ಹುಲಿಯ ಹೊಟ್ಟೆಯೊಳಗೆ ಹದಿನೆಂಟು ಸ್ವರದ ಕೊಳವೆ ಆರ್ಗನ್ ಇದೆ. ಇಂದು ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕೀಲಿಮಣೆ ಎಂಬುದು ಕಾವೇರಿ ದಡಕ್ಕೆ ಅಷ್ಟೇನೂ ಹೊಸದಲ್ಲ. ಯುರೋಪಿನವರೂ ಹೊಸಬರಲ್ಲ: ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟದ್ದಕ್ಕೇ ಪಾಂಡವಪುರಕ್ಕೆ ಬಹುಕಾಲ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತಲ್ಲ.

ಆ ಸಂಜೆ ಬ್ಯಾಂಡಿನವರು ಸಂಸ್ಥಾನದ ಹಳೆಯ ಗೀತೆ ‘ಕಾಯೌ ಶ್ರೀ ಗೌರಿ’ ಎತ್ತಿಕೊಂಡರು. ಬಸವಪ್ಪ ಶಾಸ್ತ್ರಿಗಳ ರಚನೆ. ರಾಗ ಧೀರ ಶಂಕರಾಭರಣ. ಶಂಕರಾಭರಣದ ಏಳು ಸ್ವರಗಳೇ ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಯೂ ಆದ್ದರಿಂದ ತುತ್ತೂರಿ, ಪಿಟೀಲು ಎರಡಕ್ಕೂ ಅಲ್ಲಿ ಜಗಳವಿಲ್ಲ. ಮೇಲಿನ ಸ್ಥಾಯಿಯಲ್ಲಿ ಪಿಟೀಲುಗಳು ಹಾಡುತ್ತಿದ್ದರೆ ಚೆಲ್ಲೊ ಕೆಳಗೆ ಉದ್ದುದ್ದ ಕಮಾನು ಎಳೆಯುತ್ತಿತ್ತು. ಹಿರಿಯರು ಟವೆಲ್ಲು ತೆಗೆದು ಮಡಿಚಿಟ್ಟರು. ಅರಮನೆಯ ದೀಪಗಳು ಒಮ್ಮೆಲೇ ಹತ್ತಿದವು. ಜನ ‘ಓ’ ಎಂದು ಮೊಬೈಲು ಎತ್ತಿದರು. ಮೊಮ್ಮಗಳು ಮಾತ್ರ ದೀಪದ ಕಡೆ ತಿರುಗಲಿಲ್ಲ. ಎಡಗೈಯನ್ನು ಕತ್ತಿನ ಪಕ್ಕ ಎತ್ತಿ, ಬಲಗೈಯಿಂದ ತಾತನ ಮೊಣಕಾಲಿನ ಮೇಲೆ ಅಡ್ಡಡ್ಡ ಉಜ್ಜುತ್ತಿದ್ದಳು.

‘ಬಸ್ಸು ಹೋಯ್ತದೆ, ಏಳವ್ವ’ ಅಂದರು ತಾತ. ಅವರೂ ಏಳಲಿಲ್ಲ.